ಎಲೆ ಅಡಿಕೆಗೆ ಮೊದಲು ಮಾಡಿಕೊಂಡ ಕ್ಷೌರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬ್ಲೇಡು ಹಿಡಿದದ್ದು ನನ್ನ ಕೈಯೇ. ಯಾರೂ ನನ್ನ ಕೈಕಾಲು ಕಟ್ಟಿರಲಿಲ್ಲ, ಯಾವ ದೇವರ ಹರಕೆಯೂ ಇರಲಿಲ್ಲ, ಯಾವ ಡಾಕ್ಟರೂ ಹೇಳಿರಲಿಲ್ಲ. ಇಪ್ಪತ್ನಾಲ್ಕು ವರ್ಷ ವಯಸ್ಸಿನ, ಪಿಯುಸಿ ಪಾಸಾದ, ತಲೆ ನೆಟ್ಟಗಿದೆ ಎಂದು ಊರೆಲ್ಲ ನಂಬಿದ್ದ ಒಬ್ಬ ಗಂಡಸು ಒಂದು ಭಾನುವಾರ ಮುಂಜಾನೆ ಬಚ್ಚಲಿನ ತಗಡಿನ ಬಾಗಿಲು ಹಾಕಿಕೊಂಡು, ಕಿಬ್ಬೊಟ್ಟೆಯಿಂದ ತೊಡೆಸಂದಿನ ತನಕ ಇದ್ದಬದ್ದ ಕೂದಲನ್ನೆಲ್ಲ ತಾನೇ ಬೋಳಿಸಿಕೊಂಡ. ಆಮೇಲೆ ಎಂಟು ದಿನ ಆ ಜಾಗ ಅವನನ್ನು ಬೋಳಿಸಿತು.

ಓದುವವರು ಊಟ ಮುಗಿಸಿ ಓದುವುದು ಒಳ್ಳೆಯದು. ನಾನಂತೂ ಊಟ ಮುಗಿಸಿಯೇ ಬರೆಯಲು ಕೂತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರದ ಕಟ್ಟಡ ಇನ್ನೂ ಏಳುತ್ತಿದ್ದ ಕಾಲ. ನಾನು ಅಲ್ಲಿ ಒಬ್ಬ ಗುತ್ತೇದಾರನ ಸ್ಟೋರಿನಲ್ಲಿ ನಟ್ಟು, ಬೋಲ್ಟು, ಕೈಗವಸು ಕೊಡುವ ಕೆಲಸದಲ್ಲಿದ್ದೆ. ರೂಮು ರಾಯಚೂರಿನಲ್ಲಿ, ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ. ದಿನಾ ಬಸ್ಸು. ಬೇಸಿಗೆಯಲ್ಲಿ ರಾಯಚೂರು ಹೇಗಿರುತ್ತದೆ ಎಂದು ರಾಯಚೂರಿನವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳಿದರೆ ನಂಬುವುದಿಲ್ಲ. ಸಿಮೆಂಟಿನ ಧೂಳು ಬೆವರಿನ ಜೊತೆ ಕಲಸಿ ಸೊಂಟದಿಂದ ಕೆಳಗೆ ಇಳಿದು ಸಂದಿಗಳಲ್ಲಿ ಗಾರೆ ಹಾಕಿದಂತೆ ಕೂರುತ್ತಿತ್ತು. ಬೆವರುಸಾಲೆ ಎದ್ದು, ಸ್ಟೋರಿನ ಮೇಜಿನ ಕೆಳಗೆ ಒಂದು ಕೈ ಸದಾ ಕೆಲಸ ಮಾಡುತ್ತಿರಬೇಕು. ಮೇಲಿನ ಕೈಯಲ್ಲಿ ನಟ್ಟು ಕೊಡುತ್ತಿದ್ದೆ. ಯಾವ ಕೈ ಎಂದು ಯಾರೂ ಕೇಳಲಿಲ್ಲ, ದೇವರು ದೊಡ್ಡವನು.

ಇನ್ನೊಂದು ವಿಷಯ. ನಾನು ಅಣಕವಾಡುವವನು. ಇದನ್ನು ಕಲೆ ಎಂದು ನಾನು ಹೇಳುತ್ತೇನೆ, ರೋಗ ಎಂದು ನಮ್ಮ ಅಕ್ಕ ಹೇಳುತ್ತಾಳೆ. ಒಬ್ಬರ ಜೊತೆ ಐದು ನಿಮಿಷ ನಿಂತರೆ ಸಾಕು, ಅವರ ಕೆಮ್ಮು, ಅವರ ನಡಿಗೆ, ಅವರು ಮೂಗು ಒರೆಸಿಕೊಳ್ಳುವ ಬಗೆ ನನ್ನ ಮೈಗೆ ಹತ್ತಿಬಿಡುತ್ತದೆ. ಗುತ್ತೇದಾರನ ಎದುರು ಗುತ್ತೇದಾರನ ದನಿಯಲ್ಲೇ ಉತ್ತರ ಕೊಟ್ಟು ಎರಡು ಸಲ ಕೆಲಸ ಹೋಗುವುದರಲ್ಲಿತ್ತು.

ಆ ಕ್ಷೌರಕ್ಕೆ ಎರಡು ತಿಂಗಳ ಮೊದಲು ದೇವದುರ್ಗಕ್ಕೆ ಹೆಣ್ಣು ನೋಡಲು ಹೋಗಿದ್ದೆವು. ನಾನು, ಮಾನ್ವಿಯಲ್ಲಿದ್ದ ಅಕ್ಕ, ಅಕ್ಕನ ಗಂಡ, ಅಂದರೆ ನನ್ನ ಮಾವ. ನಮಗೆ ತಂದೆ ತಾಯಿ ಇರಲಿಲ್ಲವಾದ್ದರಿಂದ ಹಿರಿತನವೆಲ್ಲ ಅವರದೇ. ಹುಡುಗಿ ಹೊಳೆದಂಡೆಯ ಗೂಗಲ್ ಎಂಬ ಊರಿನ ಕಡೆಯ ಒಂದು ಶಾಲೆಯಲ್ಲಿ ಟೀಚರು, ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಮಾತಿಗೆ ಮಾತು ಬರಲೆಂದು ನಾನು ಕಂಡಕ್ಟರನ ಅಣಕ ಮಾಡಿದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಚಹಾದ ಕಪ್ಪುಬಸಿ ಎತ್ತಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದಳು:

“ನಿಮ್ಮ ಕಂಡಕ್ಟರ್ ತಪ್ಪದಾನ್ರಿ. ನಮ್ಮ ಬಸ್ಸಿನಾಂವ ಟಿಕೀಟು ಹರಿಯೂಕಿಂತ ಮೊದಲು ಹೆಬ್ಬಟ್ಟು ನೆಕ್ಕತಾನ. ನೀವು ನೆಕ್ಕಲಿಲ್ಲ.”

ಅಷ್ಟು ವರ್ಷದಲ್ಲಿ ನನ್ನ ಅಣಕಕ್ಕೆ ಚಪ್ಪಾಳೆ ಸಿಕ್ಕಿತ್ತು, ಬೈಗುಳ ಸಿಕ್ಕಿತ್ತು, ಒಮ್ಮೆ ಕಪಾಳಕ್ಕೂ ಸಿಕ್ಕಿತ್ತು. ತಿದ್ದುಪಡಿ ಸಿಕ್ಕಿರಲಿಲ್ಲ. ಇವಳನ್ನು ಬಿಟ್ಟರೆ ಬೇರೆ ಯಾರನ್ನೂ ಮದುವೆಯಾಗುವುದಿಲ್ಲ ಎಂದು ಅಲ್ಲೇ, ಆ ಚಾಪೆಯ ಮೇಲೇ ತೀರ್ಮಾನ ಮಾಡಿದೆ.

ತೀರ್ಮಾನ ಮಾಡಿ ಸುಮ್ಮನಿರಬೇಕಿತ್ತು. ಆ ಮನೆಯಲ್ಲಿ ಹುಡುಗಿಯ ಅಜ್ಜ ಇದ್ದ. ವಯಸ್ಸಿನಲ್ಲಿದ್ದಾಗ ಬಾವಿಗಳಿಗೆ, ಒಡ್ಡುಗಳಿಗೆ ಕಲ್ಲು ಹೊತ್ತವನು. ಹೊತ್ತೂ ಹೊತ್ತೂ ಅವನ ಎರಡು ಕಾಲು ಹೊರಗೆ ಬಾಗಿ, ನಡುವೆ ಒಂದು ಕುರಿಮರಿ ಆರಾಮಾಗಿ ದಾಟಿ ಹೋಗುವಷ್ಟು ಜಾಗವಾಗಿತ್ತು. ಒಂದು ಹೆಜ್ಜೆ ಈ ಕಡೆಗೆ, ಒಂದು ಹೆಜ್ಜೆ ಆ ಕಡೆಗೆ, ಕೈಗಳು ಸೊಂಟದಿಂದ ಗೇಣು ದೂರ. ಅಜ್ಜ ನೀರಿನ ತಂಬಿಗೆ ಹಿಡಿದು ಅಂಗಳ ದಾಟುತ್ತಿದ್ದಾಗ ನಾನು ಹಿಂದಿನಿಂದ ಹಾಗೇ ನಡೆದೆ. ಮಾವ ಎಲೆಯಡಿಕೆ ತುಂಬಿದ ಬಾಯಲ್ಲಿ ಭುಸ್ಸನೆ ನಕ್ಕ. ಅಜ್ಜ ತಿರುಗಿದ.

ಬೈಯಲಿಲ್ಲ. ತಂಬಿಗೆ ಕೆಳಗಿಟ್ಟು ಹೇಳಿದ: “ಚೊಲೊ ಮಾಡ್ತಿ ತಮ್ಮಾ. ಇದೊಂದ್ಸಲ ಆತು. ಇನ್ನೊಮ್ಮಿ ಈ ಅಂಗಳದಾಗ ಹಿಂಗ ನಡದ್ರ, ಬಂದ ಬಸ್ಸಿಗೆ ಹೊಳ್ಳಿ ಹೋಗು. ನನ್ನ ಮೊಮ್ಮಗಳು ನಗಿಪಾಟಲಿನ ಮನಿಗೆ ಬರೂದಿಲ್ಲ.”

ಅಷ್ಟಾದರೂ ಸಂಬಂಧ ಮುರಿಯಲಿಲ್ಲ. ಹುಡುಗಿಯೇ ಒಳಗೆ ಏನೋ ಹೇಳಿದಳಂತೆ. ಎರಡು ತಿಂಗಳ ಮೇಲೆ, ಒಂದು ಭಾನುವಾರ, ಮಾತು ಗಟ್ಟಿ ಮಾಡಿ ಎಲೆ ಅಡಿಕೆ ಬದಲಿಸಿಕೊಳ್ಳುವುದೆಂದು ಹೇಳಿ ಕಳಿಸಿದರು. ಜೊತೆಗೆ ಅಜ್ಜನ ಮಾತನ್ನೂ ಇನ್ನೊಮ್ಮೆ ಹೇಳಿ ಕಳಿಸಿದರು.

ಆ ಎಲೆ ಅಡಿಕೆಗೆಂದೇ ನಾನು ಬಿಳಿ ಟೆರಿಕಾಟಿನ ಬೆಲ್‌ಬಾಟಮ್ ಹೊಲಿಸಿದ್ದೆ. ಕೆಳಗೆ ಕಾಲುಚೀಲ ಮುಚ್ಚಿ ನೆಲ ಗುಡಿಸುವಷ್ಟು ಅಗಲ, ಮೇಲೆ ತೊಡೆಗೆ ಬಣ್ಣ ಬಳಿದಷ್ಟು ಬಿಗಿ. ಹಾಕಿ ನೋಡಿದರೆ ಬೆವರುಸಾಲೆಗೆ ಬೆಂಕಿ ಬಿದ್ದಂತಾಯಿತು. ನನ್ನ ರೂಮಿನ ಜೊತೆಗಾರ ಗದ್ವಾಲ ಕಡೆಯ ವೆಲ್ಡರು, ಕನ್ನಡವನ್ನೂ ತೆಲುಗನ್ನೂ ಒಂದೇ ರಾಡಿನಲ್ಲಿ ಬೆಸೆಯುವವನು. ಮಂಚದ ಮೇಲೆ ಮಲಗಿಕೊಂಡೇ ಉಪಾಯ ಹೇಳಿದ.

“ಏಮಯ್ಯಾ, ಅಲ್ಲಿ ಅಡವಿ ಬೆಳಸಿ ಇಟ್ಟೀದಿ. ಗಾಳಿ ಹ್ಯಾಂಗ ಆಡಬೇಕು? ಎಲ್ಲಾ ತೆಗದು ಕ್ಲೀನ್ ಮಾಡು. ಹಾಯಿಗಾ ಉಂಟುಂದಿ, ಆರಾಮ ಅನಸ್ತದ.”

“ನೀ ಮಾಡೀಯೇನು?”

“ನಾ ಯಾಕ ಮಾಡ್ಲಿ? ನಂಗೇನು ಲಗ್ನಾ ಅದಾ?”

ಇಂಥ ತಜ್ಞನ ಮಾತು ಕೇಳಿ ಬಚ್ಚಲಿಗೆ ಹೋದೆ. ಹೊಸ ಬ್ಲೇಡು ಮುಖಕ್ಕೆ ಬೇಕು, ಇದಕ್ಕೇಕೆ ಎಂದು ತಿಂಗಳ ಹಿಂದಿನ ಬ್ಲೇಡು ಹುಡುಕಿದೆ. ಅದರ ಅಂಚಿನಲ್ಲಿ ತುಕ್ಕು, ತುಕ್ಕಿನ ಮೇಲೆ ಒಣಗಿದ ಸೋಪು, ಸೋಪಿನಲ್ಲಿ ವೆಲ್ಡರನ ಗಡ್ಡದ ಚೂರು. ಆಗ ನಮ್ಮಲ್ಲೆಲ್ಲ ಒಂದು ಪದ್ಧತಿ ಇತ್ತು. ಮೊಂಡಾದ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಬೆರಳಿನಿಂದ ಒತ್ತಿ ಅತ್ತಿಂದಿತ್ತ ತಿಕ್ಕುವುದು. ಹರಿತವಾಗುತ್ತದೆ ಎಂದು ಎಲ್ಲರ ನಂಬಿಕೆ. ನಾನೂ ತಿಕ್ಕಿದೆ. ಲೋಟವನ್ನು ಒಮ್ಮೆ ನೀರಾಡಿಸಿ ಇಟ್ಟೆ. ಮಧ್ಯಾಹ್ನ ವೆಲ್ಡರ್ ಅದರಲ್ಲೇ ಮಜ್ಜಿಗೆ ಕುಡಿದು, “ಇದೇನೋ ಕಬ್ಬಿಣದ ವಾಸನಿ” ಎಂದ. ಉಪಾಯ ಹೇಳಿದ್ದಕ್ಕೆ ಅವನಿಗೆ ಸಿಕ್ಕ ಫಲ ಅದೊಂದೇ.

ಗಡ್ಡದ ಸೋಪು ಮುಗಿದಿತ್ತು. ಬಟ್ಟೆ ಒಗೆಯುವ ಹಳದಿ ಸೋಪಿನ ತುಂಡು ಸಿಕ್ಕಿತು. ಕಾಲರಿನ ಎಣ್ಣೆ ಜಿಡ್ಡನ್ನೇ ತೆಗೆಯುವ ಸೋಪು, ಇದೇನು ಮಹಾ ಎಂದುಕೊಂಡೆ. ಬಚ್ಚಲಿನಲ್ಲಿ ಬೆಳಕಿಲ್ಲ. ತಗಡಿನಲ್ಲಿ ಒಂದು ಮೊಳೆ ತೂತು ಇತ್ತು, ಅದರಿಂದ ಬಿದ್ದ ಬಿಸಿಲಿನ ಚುಕ್ಕೆಗೆ ನಾನು ಸರಿಯುತ್ತಾ, ಒಂದು ಕಾಲು ಬಕೆಟ್ಟಿನ ಮೇಲಿಟ್ಟು, ಬಾಗಿ, ಉಸಿರು ಹಿಡಿದು ಕೆರೆದೆ. ಕೂದಲು ಬೆಳೆದ ದಿಕ್ಕಿಗೆ ಬ್ಲೇಡು ಓಡಲಿಲ್ಲ. ಸರಿ, ಉಲ್ಟಾ ಎಳೆದೆ. ನೀರಿನಲ್ಲಿ ಕೂದಲಿನ ಮುದ್ದೆ ಮೋರಿಯ ಬಾಯಿಗೆ ಹೋಗಿ ಕೂತು, ಸತ್ತ ಇಲಿಯ ಹಾಗೆ ಕಾಣುತ್ತಿತ್ತು. ಬರಿಗೈಯಲ್ಲಿ ಎತ್ತಿ ಒಗೆದೆ. ಕೊನೆಗೆ ಪಟಿಕದ ಕಲ್ಲು ತಿಕ್ಕಿದೆ. ಆಗ ನನ್ನ ಬಾಯಿಂದ ಬಂದ ದನಿ ಯಾರ ಅಣಕವೂ ಆಗಿರಲಿಲ್ಲ.

ಮೊದಲ ದಿನ ಸ್ವರ್ಗ. ಪೌಡರ್ ಹಾಕಿಕೊಂಡು ರೂಮಿನಲ್ಲಿ ರಾಜನ ಹಾಗೆ ಓಡಾಡಿದೆ. ಎರಡನೆಯ ದಿನ ತುರಿಕೆ. ಮೂರನೆಯ ದಿನ ಕೊಯ್ದ ಜೋಳದ ಹೊಲದ ಕೂಳೆಯ ಹಾಗೆ ಚೂಪು ಚೂಪಾಗಿ ಎದ್ದವು ನೋಡಿ. ಕೂತರೆ ಚುಚ್ಚು, ಎದ್ದರೆ ಚುಚ್ಚು, ನಡೆದರೆ ತೊಡೆಗೆ ತೊಡೆ ಅರ ತಿಕ್ಕಿದಂತೆ. ಬುದ್ಧಿಯಿದ್ದವನು ಅಲ್ಲಿಗೆ ಬಿಡುತ್ತಿದ್ದ. ನಾನು ಬುಧವಾರ ಅದೇ ಬ್ಲೇಡನ್ನು ಅದೇ ಲೋಟಕ್ಕೆ ತಿಕ್ಕಿ, ಕೆಂಪಾದ ಚರ್ಮದ ಮೇಲೆ ಮತ್ತೊಮ್ಮೆ ಉಲ್ಟಾ ಎಳೆದೆ. ಇದು ಎರಡನೆಯ ತಪ್ಪು. ಮೊದಲನೆಯದನ್ನು ವೆಲ್ಡರನ ತಲೆಗೆ ಕಟ್ಟಬಹುದು, ಇದು ಅಪ್ಪಟ ನನ್ನದು.

ಗುರುವಾರದ ಹೊತ್ತಿಗೆ ಗುಳ್ಳೆಗಳು ಬಂದವು. ಮೊದಲು ಸಾಸಿವೆಯಷ್ಟು, ಸಂಜೆಗೆ ಅಲಸಂದಿ ಕಾಳಿನಷ್ಟು. ಸುತ್ತ ಕೆಂಪು, ನಡುವೆ ಬಿಳಿ ಕೀವು, ಕೀವಿನ ಅಡಿಯಲ್ಲಿ ಕಪ್ಪಗೆ ಒಂದು ಗೆರೆ. ಕನ್ನಡಿಯನ್ನು ನೆಲದ ಮೇಲಿಟ್ಟು ಅದರ ಮೇಲೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಮುಖ ನೋಡಿಕೊಳ್ಳುವ ಕನ್ನಡಿ ಅದು. ಮುಂದೆ ಎಷ್ಟೋ ದಿನ ಅದರಲ್ಲಿ ತಲೆ ಬಾಚಲು ನನಗೆ ಮನಸ್ಸು ಬರಲಿಲ್ಲ. ಆ ಕಪ್ಪು ಗೆರೆ ಕೂದಲು. ಹೊರಗೆ ಬರಬೇಕಾದ್ದು ದಾರಿ ತಪ್ಪಿ ಚರ್ಮದ ಒಳಗೇ ಬಾಗಿ, ಗಡಿಯಾರದ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡು ಬೆಳೆಯುತ್ತಿತ್ತು. ಸೇಫ್ಟಿ ಪಿನ್ನಿನಿಂದ ಒಂದನ್ನು ಬಿಡಿಸಿದೆ. ಪಟ್ ಎಂದು ಒಡೆದು ಕನ್ನಡಿಯ ಮೇಲೆ ಹಳದಿ ಹನಿ ಬಿತ್ತು. ಹಿಂದೆಯೇ ಕೂದಲು ಸುರುಳಿ ಬಿಚ್ಚುತ್ತಾ ಹೊರಬಂತು, ಎಳ್ಳುಕಾಳಿನಷ್ಟು ಉದ್ದ, ಜಿಗಟು ಜಿಗಟಾಗಿ. ನನಗೆ ನನ್ನ ಮೈ ಎಂದರೇ ಹೇಸಿಗೆಯಾಯಿತು. ಹೇಸಿಗೆಯಾದರೂ ಬಿಡಲಿಲ್ಲ, ಇನ್ನೊಂದಕ್ಕೆ ಪಿನ್ನು ಹಾಕಿದೆ. ಕೆಟ್ಟದ್ದನ್ನು ಕೆದಕುವುದರಲ್ಲಿ ಮನುಷ್ಯನಿಗೆ ಏನೋ ಒಂದು ರುಚಿ ಇದೆ. ಆರು ಬಿಡಿಸಿದೆ. ಮರುದಿನ ಆ ಆರೂ ಬಾವು ಬಂದು, ಜೊತೆಗೆ ಹತ್ತು ಹೊಸ ನೆಂಟರನ್ನು ಕರೆತಂದವು.

ಶುಕ್ರವಾರ ಮಾನ್ವಿಗೆ ಹೋದೆ. ಭಾನುವಾರ ಅಲ್ಲಿಂದಲೇ ಎಲ್ಲರೂ ಕೂಡಿ ದೇವದುರ್ಗಕ್ಕೆ ಹೊರಡುವುದಿತ್ತು. ಬಸ್‌ಸ್ಟ್ಯಾಂಡಿನಿಂದ ಅಕ್ಕನ ಮನೆಗೆ ಐದು ನಿಮಿಷದ ದಾರಿ. ಹದಿನೈದು ನಿಮಿಷ ನಡೆದೆ. ಬಾಗಿಲಲ್ಲಿ ನಿಂತಿದ್ದ ಅಕ್ಕ ಕಣ್ಣು ಕಿರಿದು ಮಾಡಿದಳು.

“ಯಾಕೋ, ಯಾರ ನಡಿಗಿ ಇದು?”

“ನಂದ ಅಕ್ಕಾ. ತೊಡಿಗೆ ಕುರು ಆಗ್ಯದ.”

“ತೋರಿಸು.”

“ತೋರಿಸೋ ಕಡಿಗೆ ಆಗಿಲ್ಲ.”

“ನಿನ್ನ ಎತ್ತಿ ಆಡ್ಸೀನಿ, ಕುಂಡಿ ತೊಳದೀನಿ. ನನ್ನ ಮುಂದ ನಾಚಕೀ ಏನೋ ನಿಂಗ?”

“ಆವಾಗ ಅಲ್ಲಿ ಏನೂ ಇರಲಿಲ್ಲ” ಎಂದೆ. ಈಗಲೂ ಏನೂ ಇಲ್ಲವಲ್ಲ, ಅದೇ ಅಲ್ಲವೇ ಕಷ್ಟ ಎಂದು ಒಳಗೆ ಅನ್ನಿಸಿತು. ಅಕ್ಕ ಬೇವಿನ ಎಲೆ, ಅರಿಷಿಣ ಅರೆದು, ಔಡಲ ಎಣ್ಣೆ ಕಲಸಿ ಒಂದು ಬಟ್ಟಲು ತುಂಬಾ ಕೊಟ್ಟಳು. “ದಪ್ಪಗೆ ಹಚ್ಚು. ಮ್ಯಾಲೆ ಅರಿವಿ ಕಟ್ಟು.”

ದಪ್ಪಗೆ ಹಚ್ಚಿದೆ. ಅದು ಒಣಗಿ, ಮೊಳೆತ ಕೂದಲನ್ನು ಹಿಡಿದುಕೊಂಡು, ಗೋಡೆಗೆ ತಟ್ಟಿದ ಸಗಣಿ ಕುಳ್ಳಿನ ಹಾಗೆ ಗಟ್ಟಿಯಾಯಿತು. ಶನಿವಾರ ಅದನ್ನು ಕೀಳುವಾಗ ಕುಳ್ಳಿನ ಜೊತೆ ಗೋಡೆಯೂ ಬಂತು. ಕಹಿ, ಕಮಟು, ಕೀವು ಮೂರೂ ಕೂಡಿದ ಆ ವಾಸನೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಮಾವ ಮಾತ್ರ ಪಡಸಾಲೆಯಲ್ಲಿ ಮೂಗು ಅರಳಿಸಿ, “ಏನಾರ ಸತ್ತದೇನು ಮಾಳಗಿ ಮ್ಯಾಲೆ?” ಎಂದು ಏಣಿ ಹಾಕಿ ಹತ್ತಿ ನೋಡಿ ಬಂದ.

ಭಾನುವಾರ ಮುಂಜಾನೆ ಇನ್ನೊಂದು ಪದರ ಹಸಿಯಾಗಿಯೇ ಹಚ್ಚಿ, ಹಳೆಯ ಧೋತರದ ತುಂಡು ಮಡಿಸಿ ಇಟ್ಟು, ಮೇಲೆ ಆ ಬಿಳಿ ಬೆಲ್‌ಬಾಟಮ್ ಏರಿಸಿದೆ. ಬೇರೆ ಪ್ಯಾಂಟು ಹಾಕಬಹುದಿತ್ತು ಎಂದು ನೀವು ಹೇಳಬಹುದು. ಹಾಕಬಹುದಿತ್ತು. ಆದರೆ ತಿದ್ದುಪಡಿ ಮಾಡುವ ಕಣ್ಣು ಒಂದು ಕಾಯುತ್ತಿರುವಾಗ, ಹೊಲಿಸಿದ ಹೊಸ ಪ್ಯಾಂಟು ಬಿಟ್ಟು ಸ್ಟೋರಿನ ಖಾಕಿ ಹಾಕಿಕೊಂಡು ಹೋಗುವಷ್ಟು ಜ್ಞಾನ ನನಗೆ ಬಂದಿರಲಿಲ್ಲ.

ಸಿರವಾರದ ಮೇಲೆ ಹೋಗುವ ಬಸ್ಸು. ಗಾಲಿಯ ಮೇಲಿನ ಸೀಟೇ ಸಿಕ್ಕಿತು. ಮೂವರ ಸೀಟಿನಲ್ಲಿ ನಾಲ್ವರು, ನಾನು ನಡುವೆ, ಕಾಲು ಅಗಲಿಸಲು ಜಾಗವಿಲ್ಲ. ರಸ್ತೆಯ ಒಂದೊಂದು ಗುಂಡಿಗೂ ಒಂದೊಂದು ಗುಳ್ಳೆ ಉತ್ತರ ಕೊಡುತ್ತಿತ್ತು. ಎಲ್ಲಿ ಬೆವರು, ಎಲ್ಲಿ ಎಣ್ಣೆ, ಎಲ್ಲಿ ಕೀವು ಎಂದು ಗೊತ್ತಾಗದಂತೆ ಒಳಗೆಲ್ಲ ಪಿಚಪಿಚ. ಪಕ್ಕದಲ್ಲಿದ್ದ ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಗೆ ತಿರುಗಿದಳು. ನಾನೂ ಯಾರೋ ಬೇರೆಯವರ ಕಡೆ ನೋಡಿ ಮುಖ ಸಿಂಡರಿಸಿದೆ.

ದೇವದುರ್ಗದಲ್ಲಿ ಇಳಿದವನೇ ನಾಲ್ಕು ಹೆಜ್ಜೆ ಹಾಕಿದೆ. ಮಾವ ಹೌಹಾರಿದ.

“ಏ, ಏ! ಯಾಕ ಹಿಂಗ ನಡ್ಯಾಕತ್ತೀದಿ? ಆ ಮುದುಕನ ನಡಿಗಿ ಅಲ್ಲೇನೋ ಇದು?”

“ಮಾವಾ, ಖರೇನ ಬ್ಯಾನಿ.”

“ಬ್ಯಾನಿ ಅಂತ ಬ್ಯಾನಿ. ಹೋದ ವರ್ಷ ನಮ್ಮಪ್ಪನ ತಿಥಿಯಾಗ ಹೊಟ್ಟಿ ಬ್ಯಾನಿ ಅಂತ ಹೊಳ್ಯಾಡಿ ಎಲ್ಲಾರಿಗೂ ಬಕರಾ ಮಾಡಿದಿ. ನೆಟ್ಟಗ ನಡಿ.”

ಅಕ್ಕ ಕೈ ಹಿಡಿದುಕೊಂಡಳು. “ಅಪ್ಪಾ, ನಿನ್ನ ಕಾಲು ಬೀಳ್ತೀನಿ. ಇದೊಂದು ತಾಸು ನಿನ್ನ ಆಟ ಬಂದ್ ಮಾಡು.”

ಕುರುವಿಗೆ ಮದ್ದು ಅರೆದುಕೊಟ್ಟ ನನ್ನ ಸ್ವಂತ ಅಕ್ಕನೇ, ಕುರುವಿನ ನೆಪದಲ್ಲಿ ನಾನು ಅಜ್ಜನ ಅಣಕ ಆಡುತ್ತಿದ್ದೇನೆ ಎಂದುಕೊಂಡಳು. ಜೀವಮಾನವಿಡೀ ಸುಳ್ಳು ನೋವು ತೋರಿಸಿ ನಗಿಸಿದವನಿಗೆ ನಿಜವಾದ ನೋವು ಬಂದಾಗ ಮುಖದಲ್ಲಿ ತೋರಿಸಲು ಹೊಸದೇನೂ ಉಳಿದಿರಲಿಲ್ಲ. ಕಾಲು ಕೂಡಿಸಿ ನಡೆದು ನೋಡಿದೆ. ಹತ್ತು ಹೆಜ್ಜೆಗೆ ಎರಡು ಗುಳ್ಳೆ ಒಡೆದವು, ಕಣ್ಣಲ್ಲಿ ನೀರು ಬಂತು. ಓಣಿಯ ತಿರುವಿನ ತನಕ ಹೇಗೋ ಹಾಗೇ ಎಳೆದೆ. ಆ ಮನೆಯ ಅಂಗಳದ ಕಲ್ಲಿನ ಮೆಟ್ಟಿಲು ಇಳಿಯುವಾಗ ತಾಳಲಾಗಲಿಲ್ಲ. ಕಾಲು ತಾವಾಗಿ ಅಗಲವಾದವು, ಕೈಗಳು ಸೊಂಟದಿಂದ ಗೇಣು ದೂರ ಹೋದವು.

ಅದೇ ಹೊತ್ತಿಗೆ ಬೀಗರನ್ನು ಎದುರುಗೊಳ್ಳಲು ಅಜ್ಜ ಆ ಕಡೆಯಿಂದ ಬಂದ. ಅವನೊಂದು ಹೆಜ್ಜೆ, ನಾನೊಂದು ಹೆಜ್ಜೆ. ಅವನ ಬಲಕ್ಕೆ ನನ್ನ ಎಡ. ಅಂಗಳದ ನಡುವೆ ಕನ್ನಡಿ ಇಟ್ಟಂತೆ ಇಬ್ಬರೂ ಎದುರುಬದುರಾಗಿ ನಿಂತೆವು. ಜಗಲಿಯ ಮೇಲಿದ್ದ ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು.

ಹುಡುಗಿಯ ಕಾಕಾ ಒಬ್ಬನಿದ್ದ, ಅಜ್ಜನ ಕಿರಿಮಗ. ಮೊದಲಿಂದಲೂ ಈ ಸಂಬಂಧ ಬೇಡ ಎಂದವನು. ಎದ್ದು ನಿಂತು ಟವೆಲ್ಲು ಝಾಡಿಸಿದ. “ನೋಡಿದ್ಯಾ ಅಪ್ಪಾ? ಹಿರ್ಯಾರ ಎದುರಿಗೆ, ಎಲಿ ಅಡಿಕಿ ದಿನಾನೂ ಆಡಾಕತ್ತಾನ. ನಾ ಏನು ಹೇಳಿದ್ದೆ?”

ಅಜ್ಜ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ. ದನಿ ಏರಿಸದೆ ಒಳಗಿನವರಿಗೆ ಹೇಳಿದ: “ಎಲಿ ಅಡಿಕಿ ತಾಟು ಒಳಗ ಇಡ್ರಿ. ಬಂದವ್ರಿಗೆ ಊಟಕ್ಕ ನೀಡ್ರಿ. ಉಂಡು ಹೋಗ್ಲಿ.”

ಬಾಗಿಲ ಸಂದಿನಲ್ಲಿ ಅವಳು ನಿಂತಿದ್ದಳು. ಎಲೆ ಅಡಿಕೆಯ ತಾಟು ಅವಳ ಕೈಯಲ್ಲೇ ಇತ್ತು. ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿ ಹುಬ್ಬು ಗಂಟಿಕ್ಕಿದಳು. ಸಿಟ್ಟಲ್ಲ. ಅಂದು ನಾನು ಕಂಡಕ್ಟರನ ಅಣಕ ಮಾಡುತ್ತಿದ್ದಾಗಲೂ ಹೀಗೆಯೇ, ತಪ್ಪು ಹುಡುಕುವಂತೆ ನೋಡಿದ್ದಳು. ಆಮೇಲೆ ತಾಟು ಹಿಡಿದುಕೊಂಡು ಒಳಗೆ ತಿರುಗಿದಳು.

ನನ್ನ ಮುಂದೆ ಎರಡೇ ದಾರಿ. ಬಾಯಿ ಮುಚ್ಚಿಕೊಂಡು ಅಣಕವಾಡಿದವನೆನಿಸಿಕೊಂಡು ಉಂಡು ಹೋಗುವುದು, ಇಲ್ಲವೇ ಬಾಯಿ ಬಿಟ್ಟು ನಿಜ ಹೇಳುವುದು. ಮೊದಲನೆಯದರಲ್ಲಿ ಅವಳು ಹೋಗುತ್ತಾಳೆ. ಎರಡನೆಯದರಲ್ಲಿ ಮಾನ ಹೋಗುತ್ತದೆ, ಅವಳೂ ಹೋಗಬಹುದು.

“ಅಜ್ಜಾ, ದನದ ಕೊಟ್ಟಿಗಿಗೆ ಒಂದು ನಿಮಿಷ ಬರ್ರಿ” ಎಂದೆ.

“ಯಾಕ? ದನಾನೂ ನಗಸ್ತೀಯಾ?”

“ಒಂದ ನಿಮಿಷ ಅಜ್ಜಾ. ಆಮ್ಯಾಗ ನಿಮ್ಮ ಕೈಲೆ ಹೊರಗ ನೂಕ್ರಿ.”

ಏನು ಅನ್ನಿಸಿತೋ, ಬಂದ. ಕೊಟ್ಟಿಗೆಯಲ್ಲಿ ಒಂದು ಎತ್ತು ಮೆಲುಕು ಹಾಕುತ್ತಿತ್ತು. ನಾನು ಅಣಕವಾಡಲಿಲ್ಲ, ನನಗೆ ನಡೆಯಲಾಗುತ್ತಿಲ್ಲ ಎಂದೆ. ನಂಬಲಿಲ್ಲ. ತೊಡೆಸಂದಿನಲ್ಲಿ ಗಾಯ ಎಂದೆ. “ಗಾಯದ ಅಣಕಾನೂ ಬರ್ತದೇನು?” ಎಂದ. ಆಗ ಬೇರೆ ಉಪಾಯವಿಲ್ಲದೆ ಪ್ಯಾಂಟಿನ ಗುಂಡಿ ಬಿಚ್ಚಿದೆ. ಬಿಚ್ಚುವಾಗಲೇ ನಾನೂ ನೋಡಿದೆ: ಬಿಳಿ ಟೆರಿಕಾಟಿನ ಮೇಲೆ ಮುಂದೆ, ಎರಡೂ ತೊಡೆಯ ಒಳಗೆ, ಅಂಗೈ ಅಗಲದ ಹಸಿರು ಹಳದಿ ಕಲೆ, ಎಣ್ಣೆಯ ಅಂಚು ಇನ್ನೂ ಹರಡುತ್ತಿತ್ತು. ಇದನ್ನು ಹಾಕಿಕೊಂಡೇ ನಾನು ಊರೊಳಗೆ ನಡೆದು ಬಂದಿದ್ದೆ. ಇದನ್ನೇ ಅವಳು ನೋಡಿದ್ದಳು.

ಧೋತರದ ತುಂಡು ಸರಿಸಿದೆ. ಅಜ್ಜ ಒಂದು ಹೆಜ್ಜೆ ಹಿಂದೆ ಸರಿದು ಥೂ ಎಂದು ಗೋಡೆಯ ಕಡೆ ಉಗುಳಿದ. ಮುಖದ ಬಣ್ಣವೇ ಬೇರೆಯಾಯಿತು.

“ಏನಲೇ ಇದು? ದುಡ್ಯಾಕ ಪರಊರಿಗೆ ಹೋದಾವರು ತರೋ ಜಡ್ಡೇನು? ಹೊರಗಿನ ಹಾದಿ ತುಳದೀದಿ?”

“ಇಲ್ಲಜ್ಜಾ! ದೇವರಾಣಿ ಇಲ್ಲ. ಬ್ಲೇಡು.”

“ಬ್ಲೇಡು?”

“ಬಟ್ಟಿ ಸೋಪು ಹಚ್ಚಿ ಬೋಳಿಸ್ಕೊಂಡೆ.”

“ಅಲ್ಲೇ?”

“ಅಲ್ಲೇ.”

“ಯಾಕ?”

“ಹೊಸಾ ಪ್ಯಾಂಟು” ಎಂದೆ. ನನ್ನ ಕಿವಿಗೇ ಅದು ಕೇಳಲಾರದ ಹಾಗಿತ್ತು.

ಅಜ್ಜ ಮೂಗಿಗೆ ಟವೆಲ್ಲು ಹಿಡಿದು ಬಾಗಿ, ದೂರದಿಂದಲೇ ಬೆಳಕಿಗೆ ಒಮ್ಮೆ ನೋಡಿದ. ಒಂದು ಗುಳ್ಳೆಯ ಕಡೆ ಬೆರಳು ಮಾಡಿದ. “ಕೂದಲಾ ಒಳಗ ಸುತಗೊಂಡದ.” ಆಮೇಲೆ ಎತ್ತಿನ ಹೆಗಲು ತಟ್ಟಿದ. “ಇದಕ್ಕೂ ನೊಗಾ ತಿಕ್ಕಿದಲ್ಲಿ ಹಿಂಗ ಆಗ್ತದ. ಕೂದಲಾ ಮುರದು ಒಳಗ ಹೋಗಿ ಕೀವು ತುಂಬ್ತದ. ಪಾಪ, ಇದು ತಾನ ನೊಗಾ ತಿಕ್ಕಿಕೊಳ್ಳೂದಿಲ್ಲ, ನಾವು ಕಟ್ತೀವಿ. ನಿಂಗ ಯಾರು ಕಟ್ಟಿದ್ರು?”

“ಯಾರೂ ಇಲ್ರಿ.”

“ಈ ರಾಡಿ ಯಾವಾಕಿ ಹಚ್ಚಿದ್ದು?”

“ಅರದು ಕೊಟ್ಟಾಕಿ ನಮ್ಮಕ್ಕ. ಕುರು ಆಗ್ಯದ ಅಂತ ಆಕಿ ಮುಂದ ಹೇಳೀನಿ.”

“ಬಿಸಿನೀರಾಗ ತೊಳಿ. ಮ್ಯಾಲೆ ಏನೂ ಹಚ್ಚಬ್ಯಾಡ, ಚಿವುಟಬ್ಯಾಡ, ಗಾಳಿ ಆಡ್ಲಿ. ಕೂದಲಾ ತಾನ ಹೊರಗ ಬರ್ತದ.” ಇಷ್ಟು ಹೇಳಿ ಹೊರಗೆ ಹೋದ. ನಾನು ಪ್ಯಾಂಟು ಕೈಯಲ್ಲಿ ಹಿಡಿದು ಎತ್ತಿನ ಮುಂದೆ ನಿಂತೆ. ಎತ್ತು ನನ್ನನ್ನೂ ಆ ಪ್ಯಾಂಟನ್ನೂ ನೋಡಿ, ಮೆಲುಕು ನಿಲ್ಲಿಸಿ, ಮುಖ ಆಚೆ ತಿರುಗಿಸಿತು. ಸಂಬಂಧ ಮುಗಿಯಿತು ಎಂದುಕೊಂಡೆ. ಮೊಮ್ಮಗಳನ್ನು ಕೇಳಲು ಬಂದವನ ಚಡ್ಡಿಯೊಳಗಿನ ಕೀವು ನೋಡಿದ ಮೇಲೆ ಯಾವ ಅಜ್ಜ ತಾನೇ ಹೂಂ ಎನ್ನುತ್ತಾನೆ?

ಅಜ್ಜ ತಿರುಗಿ ಬಂದಾಗ ಒಂದು ಚೊಂಬು ಬಿಸಿನೀರು, ಹೆಗಲ ಮೇಲೆ ಒಗೆದ ಒಂದು ಧೋತರ ಇತ್ತು. ಚೊಂಬು ಕೆಳಗಿಟ್ಟು, ಧೋತರ ಎತ್ತಿನ ಬೆನ್ನ ಮೇಲೆ ಹಾಕಿ, ನನಗೆ ಬೆನ್ನು ತಿರುಗಿಸಿ ನಿಂತ. ನಾನು ತೊಳೆದುಕೊಂಡೆ. ತೊಳೆದ ನೀರು ಗಂಜಳದ ಕಾಲುವೆ ಸೇರಿತು; ಅಲ್ಲಿದ್ದ ನೊಣಗಳು ಎದ್ದು ಇತ್ತ ಬಂದವು. ಧೋತರ ಸಡಿಲವಾಗಿ ಸುತ್ತಿಕೊಂಡಾಗ ಏಳು ದಿನದಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು.

“ನಡಿ” ಎಂದ.

ಇಬ್ಬರೂ ಅಂಗಳಕ್ಕೆ ಬಂದೆವು, ಅಗಲಗಾಲಿನಲ್ಲಿ, ಅಕ್ಕಪಕ್ಕ. ಈ ಸಲ ಯಾರೂ ನಗಲಿಲ್ಲ. ಪ್ಯಾಂಟು ಹಾಕಿಕೊಂಡು ಹೋದವನು ಧೋತರದಲ್ಲಿ ಬಂದದ್ದು ನೋಡಿ ಮಾವ ಜಗಿಯುವುದನ್ನೇ ನಿಲ್ಲಿಸಿದ್ದ. ಅಕ್ಕ ಸೆರಗಿನಲ್ಲಿ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಕಂಬಳಿ ಹಾಸಿದ್ದರು. ಅಜ್ಜ ಕೂತ. ನಾನು ಕೂರಲು ನೋಡಿದೆ, ಅರ್ಧಕ್ಕೆ ಬಂದು ನಿಂತೆ, ಆಗಲಿಲ್ಲ, ಮತ್ತೆ ಎದ್ದೆ. ಬಾಗಿಲ ಸಂದಿನಲ್ಲಿ ತಾಟಿನ ಅಂಚು ಮತ್ತೆ ಕಾಣಿಸಿತು.

ಕಾಕಾ ಸುಮ್ಮನಿರಲಿಲ್ಲ. “ಅಪ್ಪಾ, ಇದೇನು? ಹಿರ್ಯಾರು ಕುಂತಾರ, ಈಂವ ನೆಟ್ಟ ಬಡಿಗಿಯಂಗ ನಿಂತಾನ. ಧೋತ್ರಾ ಬ್ಯಾರೆ ನಿಂದು. ನಡಿಗಿನೂ ನಿಂದ. ಇನ್ನೂ ಆಡ್ಯಾಕತ್ತಾನೋ ಇಲ್ಲೋ ಹೇಳಿಬಿಡು. ಇಲ್ಲಾಂದ್ರ ನಾ ಏಳ್ತೀನಿ.”

ಎಲ್ಲರೂ ಅಜ್ಜನ ಕಡೆ ನೋಡಿದರು. ಒಳಗಿನವರೂ ನೋಡುತ್ತಿದ್ದರು. ಅಜ್ಜ ತನ್ನ ಮೊಣಕಾಲು ಸವರಿಕೊಂಡು, ಕಾಕಾನಿಗಲ್ಲ, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದ:

“ನನಗ ಈ ನಡಿಗಿ ಬರಾಕ ನಲವತ್ತು ವರ್ಷ ಕಲ್ಲು ಹೊರಬೇಕಾತು. ಈ ಮಗಾ ಒಂದು ತುಂಡು ಬಟ್ಟಿ ಸೋಪಿನಾಗ ತೊಗೊಂಡು ಬಂದಾನ. ಅಣಕ ಮಾಡಾಂವ ಇಷ್ಟು ಖರೇ ಮಾಡೂದಿಲ್ಲ. ಎಲಿ ಅಡಿಕಿ ಹೊರಗ ತರ್ರಿ, ನಿಂತ ತೊಗೊಳ್ಲಿ.”